ಮೊದಲ ತುತ್ತು

ಗುರುವಾರ, ಬೆಳಿಗ್ಗೆ ಹತ್ತೂವರೆ. ಪಡಸಾಲೆಯಲ್ಲಿ ಹಾಜರಿದ್ದವರು ನಾನು, ಸೊಸೆ ಸುಜಾತಾ ಮತ್ತು ಆಗಷ್ಟೇ ಮಾತು ನಿಲ್ಲಿಸಿದ ಫೋನು. ರೋಣದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು ನಾನು. ಸಂತೆಯ ದಿನದ ನೂಕುನುಗ್ಗಲಿಗೂ ಕುಡಿದು ಬಂದ ಪ್ರಯಾಣಿಕನಿಗೂ ಹೆದರಿದವನಲ್ಲ. ಆದರೆ ಶಾಲೆಯಿಂದ ಬರುವ ಫೋನಿಗೆ ಹೆದರುತ್ತೇನೆ. "ನಿಮ್ಮ ಹುಡುಗಿ ಭಾಳ ಚಲೋ ಅದಾಳ" ಎಂದು ಹೇಳುವುದಕ್ಕಾಗಿ ಯಾವ ಶಾಲೆಯೂ ಫೋನ್ ಮಾಡಿದ್ದನ್ನು ನಾನಂತೂ ಕೇಳಿಲ್ಲ. ಈ ಸಲ ಮಾಡಿದವರು ನನ್ನ ಮೊಮ್ಮಗಳು ಸಂಜನಾಳಿಗೆ ಒಂದನೆಯ ತರಗತಿಯಲ್ಲಿ ಕಲಿಸುವ ನದಾಫ ಅಕ್ಕೋರು. "ಹುಡುಗಿ ಸಾಲ್ಯಾಗ ಉಣವಲ್ಲಳ್ರಿ. ತಾಟ ಮುಂದಿಟ್ಕೊಂಡು ಬಾಗಲ ಕಡೆ ನೋಡ್ಕೋತ ಕುಂದರತಾಳ. ಇವತ್ತ ಊಟದ ಹೊತ್ತಿಗೆ ಯಾರರ ಒಬ್ರು ಬರ್ರಿ" ಎಂದಿದ್ದರು.

ನನಗೆ ಊಟ ಬಿಟ್ಟದ್ದಕ್ಕಿಂತ ಆ ಬಾಗಿಲಿನದೇ ದಿಗಿಲಾಯಿತು. ಸುಜಾತಾಳಿಗೂ ಹಾಗೆಯೇ. "ಮಾವಾರ, ಬಾಗಲದಾಗ ಆಕೀಗೆ ಯಾರ ಕಾಣ್ತಾರಂತ್ರಿ? ಇಟಗಿ ಗುಡಿಗೆ ಹೋಗಿ ಕಾಯಿ ಒಡಿಸ್ಕೊಂಡು ಬರೂಣೇನು?" ಎಂದಳು. ಅಂಥದ್ದನ್ನೆಲ್ಲ ನಾನು ನಂಬುವವನಲ್ಲ ಎಂದು ಗದರಿದೆ. ಗದರಿದ ಮೇಲೆ ನಮ್ಮ ಬಾಗಿಲನ್ನೂ ಒಮ್ಮೆ ನೋಡಿದೆ. ಯಾರೂ ಇರಲಿಲ್ಲ. ಸಂಜೆ ಶಾಲೆ ಬಿಟ್ಟು ಬಂದವಳು ನನ್ನ ಜೊತೆ ಕುಳಿತು ಎರಡು ರೊಟ್ಟಿ ಮುಗಿಸುವುದನ್ನು ಕಂಡು, ಇದು ವಿದ್ಯೆಯ ಹಸಿವು ಎಂದು ಹೆಮ್ಮೆಪಟ್ಟವನು ನಾನೇ. ಅದು ಮಧ್ಯಾಹ್ನ ಬಿಟ್ಟ ಊಟದ ಹಸಿವೆಂದು ಈಗ ತಿಳಿದು ಚಪ್ಪಲಿ ಮೆಟ್ಟಿದೆ. ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಕಂಪೌಂಡರ್ ಇದ್ದಾರೆ. ಸೀನಿದವನನ್ನು ನಿಲ್ಲಿಸಿ ಹುಬ್ಬಳ್ಳಿಯ ದೊಡ್ಡ ದವಾಖಾನೆಯ ದಾರಿ ಹೇಳುವ ಮನುಷ್ಯ. ಅವರ ಕಣ್ಣಿಗೆ ಬೀಳಬಾರದೆಂದು ಹಿಂದಿನ ಓಣಿಯಿಂದ ಸುತ್ತು ಹಾಕಿಕೊಂಡು ಶಾಲೆಗೆ ನಡೆದೆ. ದಾರಿಯುದ್ದಕ್ಕೂ ಅವರು ಹೇಳಬಹುದಾದ ರೋಗಗಳನ್ನೆಲ್ಲ ನಾನೇ ಹೇಳಿಕೊಂಡೆ.

ಶಾಲೆಯ ಪಡಸಾಲೆಯಲ್ಲಿ ಮಕ್ಕಳು ಸಾಲಾಗಿ ಕುಳಿತಿದ್ದರು. ಬಡಿಸುವ ಮೊದಲು ಪಾಲಕರಲ್ಲಿ ಒಬ್ಬರು ರುಚಿ ನೋಡುವುದು ಅಲ್ಲಿಯ ಪದ್ಧತಿ. ಅಂದಿನ ಪಾಳಿಯ ತಾಯಿ ಅಡಿಗೆ ಕೋಣೆಯಲ್ಲೇ ರುಚಿ ನೋಡಿ ಹೋಗಿದ್ದಳು. ಪ್ರಾರ್ಥನೆ ಮುಗಿಯಿತು, ಎಲ್ಲರ ಕೈಗಳೂ ಅನ್ನಕ್ಕೆ ಇಳಿದವು. ಸಂಜನಾ ಮಾತ್ರ ಕೈ ಕಟ್ಟಿ ಕುಳಿತು ಬಾಗಿಲಿನತ್ತ ನೋಡಿದಳು. ಬಾಗಿಲಲ್ಲಿ ನಾನಿದ್ದೆ. ಅವಳ ಮುಖ ಅರಳಿತು.

ಅಕ್ಕೋರು ನನ್ನನ್ನು ಅವಳ ಎದುರಿಗೆ ಕೂರಿಸಿ ತಾಟು ಕೊಡಿಸಿದರು. ನನ್ನ ಊಟದ ಹೊತ್ತು ಒಂದು ಗಂಟೆ. ಅದಕ್ಕೆ ಮೊದಲು ನಾನು ಅಗುಳು ಮುಟ್ಟುವುದಿಲ್ಲ. ನಾನು ಮಗುವನ್ನು ನೋಡುತ್ತ ಕುಳಿತೆ, ಮಗು ನನ್ನನ್ನು ನೋಡುತ್ತ ಕುಳಿತಿತು. ಕೊನೆಗೆ ಅಡಿಗೆಯ ಗಂಗವ್ವ ಸೌಟು ಹಿಡಿದೇ ಬಂದಳು. "ಹುಡುಗಿ ಯಾರ ಮ್ಯಾಲ ಹೋಗೇತಿ ಅಂತ ಈಗ ತಿಳೀತು ನೋಡ್ರಿ. ಅಜ್ಜಾರ, ಅನ್ನ ಆರಾಕತ್ತೇತಿ."

ಅವಳ ಸೌಟಿಗೆ ಹೆದರಿ ಒಂದು ತುತ್ತು ಬಾಯಿಗಿಟ್ಟೆ. ಅಷ್ಟೇ. ಎದುರಿಗಿದ್ದ ಮಗು ಮೂರು ಓಣಿಯ ಹಸಿವನ್ನು ಒಂದೇ ಹೊಟ್ಟೆಯಲ್ಲಿ ತಂದವರಂತೆ ಉಣ್ಣತೊಡಗಿತು.

"ಇಷ್ಟು ದಿನ ಯಾಕ ಉಣಲಿಲ್ಲ, ಪುಟ್ಟಿ?" ಅಕ್ಕೋರು ಕೇಳಿದರು.

"ಅಜ್ಜ ತುತ್ತ ಇಡೂತನಕ ತಾಟ ಮುಟ್ಟಬಾರ್ದ್ರಿ. ಅಜ್ಜ ದಿನಾ ಬರಲೇ ಇಲ್ಲ."

ನಮ್ಮ ಮನೆಯ ನಿಯಮ ಅದು. ಹಿರಿಯನ ಮೊದಲ ತುತ್ತಾಗದೆ ಯಾರೂ ಉಣ್ಣಬಾರದು. ನನ್ನ ತಂದೆ ಮಾಡಿದ್ದು, ನಾನು ಬಿಗಿ ಮಾಡಿದ್ದು. ಈ ನಿಯಮ ಶಾಲೆಗೆ ಅನ್ವಯಿಸುವುದಿಲ್ಲ ಎಂದು ಹೇಳುವುದನ್ನು ಎಲ್ಲರೂ ಮರೆತಿದ್ದೆವು. ಬಾಗಿಲಲ್ಲಿ ಕಾಣುತ್ತಿದ್ದ ಭೂತ ಯಾರೆಂದು ಸುಜಾತಾಳಿಗೆ ಹೇಗೆ ಹೇಳುವುದೆಂಬ ಹೊಸ ಹೆದರಿಕೆ ಶುರುವಾಯಿತು.

ಅಕ್ಕೋರು ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. "ಹಿಂಗ ಮಾಡೂಣ್ರಿ" ಎಂದರು. "ಇನ್ಮ್ಯಾಲೆ ರುಚಿ ನೋಡೂದನ್ನ ಒಳಗ ಮಾಡೂದ ಬ್ಯಾಡ. ಪಾಳಿ ಇದ್ದವರು ಇಲ್ಲೇ ಹುಡುಗರ ಮುಂದ ಕುಂತು ಮೊದಲ ತುತ್ತ ಇಡ್ಲಿ. ಯಾರಿಗೂ ಕಾಯೂದು ಬೀಳೂದಿಲ್ಲ. ನೀವೂ ಮನ್ಯಾಗ ಒಂದೀಟು ದಿನ ಮೊದಲ ತುತ್ತ ಆಕೀಗೆ ಬಿಡ್ರಿ. ಉಣ್ಣಾಕ ಅಪ್ಪಣಿ ಬೇಕಾಗಿಲ್ಲ ಅಂತ ಗೊತ್ತಾಗ್ಲಿ."

"ಹೂಂ" ಎಂದೆ.

ರಾತ್ರಿಯ ಊಟಕ್ಕೆ ಮಗ, ಸೊಸೆ, ನಾನು ಕೈ ಕಟ್ಟಿ ಕುಳಿತೆವು. ವಿಷಯ ತಿಳಿದ ಸುಜಾತಾ ನಗು ತಡೆಯಲು ಸೆರಗು ಬಾಯಿಗೆ ಹಿಡಿದಿದ್ದಳು. ಸಂಜನಾ ಹೊಸ ಅಧಿಕಾರವನ್ನು ಬಲು ನಿಧಾನವಾಗಿ ಚಲಾಯಿಸಿದಳು. ತೊಳೆದಿದೆಯೇ ಎಂದು ನನ್ನ ಕೈ ತಿರುಗಿಸಿ ನೋಡಿದಳು. ನೆಟ್ಟಗೆ ಕೂರಿಸಿದಳು. ರೊಟ್ಟಿ ಆರಿತು. ಕೊನೆಗೆ ಒಂದು ಚೂರು ಬಾಯಿಗಿಟ್ಟುಕೊಂಡು, "ಈಗ ಉಣ್ಣ ಅಜ್ಜಾ" ಎಂದಳು. ಉಂಡೆ. ಮುಗಿಸಿ ಎದ್ದು ಹೊರಟವನ ಧೋತರ ಹಿಡಿದು, "ಸಾಲ್ಯಾಗ ಅವರವರ ತಾಟ ಅವರ ತೊಳೀತಾರ" ಎಂದಳು. ಸುಜಾತಾ ತಾಟಿಗೆ ಕೈ ಚಾಚಿದಳು. ಮಗು ಅವಳನ್ನು ನೋಡಿದ ರೀತಿಗೆ ಆ ಕೈ ಹಿಂದೆ ಸರಿಯಿತು.

ಬಚ್ಚಲಿಗೆ ಹೋಗಿ ತಾಟು ತೊಳೆದೆ. ಅವಳು ಬೆಳಕಿಗೆ ಹಿಡಿದು ನೋಡಿ, ಅಂಚನ್ನು ತೋರಿಸಿ ವಾಪಸು ಕೊಟ್ಟಳು. ಇನ್ನೊಮ್ಮೆ ತೊಳೆದು ಬೋರಲು ಹಾಕಿದೆ.