ಕರೆಯದೆ ಬಂದ ಬಾಗಿಲು

ನಮ್ಮ ಧಂದೆಯಲ್ಲಿ ದೆವ್ವಗಳು ಅಮಾವಾಸ್ಯೆಗೆ ಕಾಯುವುದಿಲ್ಲ. ಹಾಡುಹಗಲೇ, ಚಹಾದ ಹೊತ್ತಿಗೆ ಬರುತ್ತವೆ. ನಾನು ಬಸವಕಲ್ಯಾಣದಲ್ಲಿ ಕಂಪ್ಯೂಟರಿನ ಮೇಲೆ ಮನೆಗಳ ನಕ್ಷೆ ಬಿಡಿಸುವವನು. ಕೋಣೆ, ಮೆಟ್ಟಿಲು ತಾವಾಗಿ ಮೂಡಲಿ ಎಂದು ಲಿಸ್ಪ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂಗಳನ್ನು ಬರೆದಿಟ್ಟುಕೊಂಡಿದ್ದೇನೆ. ಅವುಗಳಲ್ಲಿ ಒಂದೊಂದು ಅಳತೆಗೂ ಒಂದು ಹೆಸರು. ಹೆಸರನ್ನು ಅದರ ಪ್ರೋಗ್ರಾಮಿನೊಳಗೇ ಕಟ್ಟಿಹಾಕಿದರೆ ಕೆಲಸ ಮುಗಿದೊಡನೆ ಅಳಿಯುತ್ತದೆ. ಕಟ್ಟದೆ ಬಿಟ್ಟರೆ ಅದು ಗ್ಲೋಬಲ್ ವೇರಿಯೇಬಲ್, ಎಲ್ಲ ಪ್ರೋಗ್ರಾಂಗಳ ಕೈಗೂ ಸಿಗುವ ಬಸ್‌ಸ್ಟ್ಯಾಂಡಿನ ಲೋಟ. ಯಾರ ಎಂಜಲು ಯಾರ ಬಾಯಿಗೋ ದೇವರೇ ಬಲ್ಲ.

ಯಾರ ಬಾಗಿಲು?

ಘಾಟಬೋರಾಳದ ರೈತರೊಬ್ಬರು ತಾಯಿಯೊಡನೆ ತಮ್ಮ ಹೊಸ ಮನೆಯ ನಕ್ಷೆ ನೋಡಲು ಬಂದರು. ದೇವರ ಕೋಣೆಯ ಹಿಂದಿನ ಗೋಡೆಯಲ್ಲಿ ಒಂದು ಬಾಗಿಲಿತ್ತು. ನಾನು ಬಿಡಿಸಿದ್ದಲ್ಲ. ಅವರೆದುರೇ ಅಳಿಸಿ ಕೋಣೆಯನ್ನು ಮತ್ತೆ ಬಿಡಿಸಿದೆ. ಅದೇ ಜಾಗದಲ್ಲಿ ಮತ್ತೆ ಬಂತು. ನನ್ನ ಮೈ ಜುಮ್ಮೆಂದಿತು.

"ಇದು ಯಾರ ಬಾಗಿಲ್ರಿ?" ಎಂದರು ರೈತರು.

"ಯಾರ್ದೂ ಅಲ್ರಿ, ತಾನಾಗೇ ಬರಾಕತ್ತದ."

ತಾಯಿ ಪರದೆಯನ್ನೇ ನೋಡುತ್ತ ಕೂತರು.

ಅವರು ಹೋದದ್ದೇ ತಡ, ನಮ್ಮ ಆಫೀಸಿನ ಮಾಲಕರು ಹರಿಹಾಯ್ದರು. "ಸೋಮವಾರ ಪಾಯಾ ಹಾಕ್ತಾರ. ಅಷ್ಟರಾಗ ಆ ಬಾಗಿಲ ಹೋಗ್ಬೇಕು. ಇಲ್ಲಾಂದ್ರ ನಿನ್ನ ಲಿಸ್ಪ್ ಎಲ್ಲಾ ಅಳಿಸಿಬಿಡ್ತೀನಿ."

ವರ್ಷಗಟ್ಟಲೆ ಕೂತು ಬರೆದದ್ದು. ನನಗೆ ಅಳುವೇ ಬಂತು. ಮಾಲಕರು ಸ್ವಲ್ಪ ಮೆತ್ತಗಾಗಿ ಹೇಳಿದರು: "ಮೊದ್ಲ ಕಂಪ್ಯೂಟರ್ ಯಾವ ದಿಕ್ಕಿಗೆ ಮಾರಿ ಮಾಡ್ಯದ ನೋಡು."

ಲಿಂಬೆಹಣ್ಣು

ಮರುದಿನ ಮಾಲಕರೇ ಪರದೆಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಹೊಸ ಹಾಳೆ ತೆರೆದು ದೇವರ ಕೋಣೆ ಬಿಡಿಸಿದೆ. ಬಾಗಿಲಿಲ್ಲ! ಅವರು ಮೀಸೆ ತಿರುವಿದರು. ಊಟವಾದ ಮೇಲೆ ಮೆಟ್ಟಿಲು ಬಿಡಿಸಿ, ದೇವರ ಕೋಣೆಯನ್ನು ಸ್ವಲ್ಪ ದೊಡ್ಡದು ಮಾಡಲು ಹೋದೆ. ಬಾಗಿಲು ಹಾಜರ್.

ಮಾಲಕರು ಹಣ್ಣನ್ನು ಒತ್ತಿ ನೋಡಿದರು. "ಹಳೀ ಮಾಲ್ ಕೊಟ್ಟಾನ."

ಹೆಸರು ಹಿಡಿದು ಕರೆ

ಪ್ರೋಗ್ರಾಂಗಳಲ್ಲಿ ಹುಡುಕಿದೆ. ಕೋಣೆಗೆ ಹಿಂಬಾಗಿಲು ಮೂಡುವುದು ಅದರ ಅಗಲ ಕೊಟ್ಟಿದ್ದರೆ ಮಾತ್ರ; ಆ ಅಗಲಕ್ಕೆ ನಾನಿಟ್ಟ ಹೆಸರು ಬರೀ ಒಂದಕ್ಷರ. ಅದು ಎಲ್ಲ ಸಾಲುಗಳಲ್ಲೂ ಕಂಡಿತು. ನಕ್ಷೆ ಬಿಡಿಸುವ ಗೆಳತಿಯೊಬ್ಬಳು ಹುಮನಾಬಾದಿನಲ್ಲಿದ್ದಾಳೆ. ಬಸ್ಸು ಹತ್ತಿದೆ.

"ಹುಡುಕಬ್ಯಾಡ," ಎಂದಳು. "ಒಂದೊಂದ್ ಕೆಲಸ ಆದ್ ಮ್ಯಾಲ ಅದರ ಹೆಸರ ಹಿಡದ್ ಕರೀ. ಓ ಅಂದ್ರ ಅಲ್ಲೇ ಅದ."

ಅವಳ ಕಂಪ್ಯೂಟರಿನಲ್ಲೇ ಗೋಡೆ ಎಳೆದು ಕರೆದೆ: ಇಲ್ಲ. ಕಿಟಕಿ ಇಟ್ಟು ಕರೆದೆ: ಇಲ್ಲ. ಮೆಟ್ಟಿಲು ಬಿಡಿಸಿ ಕರೆದೆ. ಓಗೊಟ್ಟಿತು: ೩೬. ಮೆಟ್ಟಿಲಿನ ಅಗಲ, ಇಂಚಿನಲ್ಲಿ! ಅದಕ್ಕೂ ನಾನು ಅದೇ ಅಕ್ಷರ ಇಟ್ಟು, ಕಟ್ಟದೆ ಬಿಟ್ಟಿದ್ದೆ. ಅದನ್ನೇ ದೇವರ ಕೋಣೆ ತನ್ನ ಬಾಗಿಲೆಂದು ಎತ್ತಿಕೊಂಡಿತ್ತು. ಖರೆ ಹೇಳುತ್ತೇನೆ, ಕಾರಣ ತಿಳಿದ ಮೇಲೂ ಇನ್ನೊಮ್ಮೆ ಕರೆದು ನೋಡಿದೆ.

"ನಿನ್ನ ಪ್ರೋಗ್ರಾಂ ನನ್ ಕಡೀನೂ ಅದಾವಲ್ಲ," ಎಂದಳು ಅವಳು. "ಇಲ್ಲೂ ಬಂದಿತ್ತು ಆ ಬಾಗಿಲ. ಒಂದ್ ಮನಿ ಕಟ್ಟಿದ್ದೂ ಆಯ್ತು."

"ಅಯ್ಯೋ! ಮನಿಯವ್ರು ಏನಂದ್ರು?"

"ಗಾಳಿ ಭಾಳ ಛಲೋ ಬರ್ತದ ಅಂದ್ರು."

ಘಾಟಬೋರಾಳದಲ್ಲಿ

ಆ ಹೆಸರನ್ನು ಮೆಟ್ಟಿಲಿನ ಪ್ರೋಗ್ರಾಮಿಗೇ ಕಟ್ಟಿಹಾಕಿದೆ. ಬಾಗಿಲು ಹೋಯಿತು. ಸೋಮವಾರ ಹೊಸ ನಕ್ಷೆ ಹಿಡಿದು, ಮಾಲಕರ ಜೊತೆ ಘಾಟಬೋರಾಳಕ್ಕೆ ಹೋದೆ. ರೈತರ ತಾಯಿ ಅದನ್ನು ನೋಡಿದವರೇ ಮುಖ ಸಣ್ಣದು ಮಾಡಿದರು.

"ಬಾಗಿಲ ಎಲ್ಲಿ?"

"ಅದು ಗಲತ್ ಬಂದಿತ್ರಿ ಆಯಿ. ತೆಗದೀನಿ."

"ಯಾಕ ತೆಗದಿ? ನಮ್ಮ ಮನಿಯವ್ರು ಇದ್ದಾಗ ಹೊಲದಿಂದ ಹಿತ್ತಲ ಕಡಿಂದೇ ಬರೋರು. ನಕ್ಷಾದಾಗ ಹಿಂದ ಬಾಗಿಲೇ ಇರಲಿಲ್ಲ. ಅವರೇ ಬಂದು ಕೇಳ್ಯಾರ."

ಮಟಮಟ ಮಧ್ಯಾಹ್ನದಲ್ಲೂ ನನ್ನ ಬೆನ್ನು ತಣ್ಣಗಾಯಿತು. ಮಾಲಕರು ಕಿವಿಯಲ್ಲಿ, "ಅಳಿಸಿದ್ದನ್ನ ಹೊಳ್ಳಿ ಹಚ್ಚು. ನಿನ್ನ ಲಿಸ್ಪ್ ಮುಟ್ಟಂಗಿಲ್ಲ ನಾ," ಎಂದರು. ನನ್ನ ಜೀವಕ್ಕೆ ಸಮಾಧಾನವಾಯಿತು. ಆದರೂ ವಿದ್ಯೆಯ ಮರ್ಯಾದೆ ಉಳಿಸಬೇಕಲ್ಲ!

"ಆಯಿ, ಅದು ದೆವ್ವ ಅಲ್ರಿ. ಒಳಗ ಕಟ್ಟಿಹಾಕಲಾರದ ಒಂದು ಹೆಸರು. ತನ್ನ ಜಾಗಾದಾಗ ನಿಲ್ಲಲಾರದ, ಕಂಡಕಂಡಲ್ಲಿ ತಿರಗ್ಯಾಡಿ ಕೊನೀಗಿ ಇಲ್ಲಿ ಬಂದು ಕೂತಿತ್ತು."

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಅವರೇ ತಮ್ಮಾ. ಬ್ಯಾರೆ ಯಾರಿರ್ತಾರ!"