ಆರು ಜನರಲ್ಲಿ ಸತ್ತವರು ಯಾರು?

ಡಿಶ್ ರಿಪೇರಿಗೆ ಅಂತ ನಾನು ಯಾರ ಮನೆಯ ಮಾಡು ಹತ್ತಿದರೂ, ಇಳಿಯುವಷ್ಟರಲ್ಲಿ ಏಣಿಯ ಬುಡದಲ್ಲಿ ಒಂದಲ್ಲ ಒಂದು ತಮಾಷೆ ನನಗಾಗಿ ಕಾದು ನಿಂತಿರುತ್ತದೆ. ಹದಿನೆಂಟು ವರ್ಷದಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರ ಅಂತ ಬೈಕಿನಲ್ಲಿ ಸ್ಪಾನರ್ ಚೀಲ ಕಟ್ಟಿಕೊಂಡು ತಿರುಗುತ್ತಿದ್ದೇನೆ. ಆದರೆ ಆ ದೆವ್ವದ ಧಾರಾವಾಹಿಯ ಕೊನೇ ಸೀಸನ್ ಶುರುವಾದ ಮೇಲೆ ಆದಷ್ಟು ಫಜೀತಿ ಹಿಂದೆಂದೂ ಆಗಿರಲಿಲ್ಲ.

ನೋಡದವರಿಗೆ ಕತೆ ಹೇಳಿಬಿಡುತ್ತೇನೆ. ಒಂದು ದೊಡ್ಡ ಮನೆ. ಅದರಲ್ಲಿ ಆರು ಜನ: ಮಾವ, ಅತ್ತೆ, ಮಗ, ಸೊಸೆ, ಅಡುಗೆಯವಳು ಮತ್ತು ಕಾರಿನ ಡ್ರೈವರ್. ಈ ಆರರಲ್ಲಿ ಒಬ್ಬರು ಕತೆ ಶುರುವಾಗುವ ಮೊದಲೇ ಸತ್ತುಹೋಗಿದ್ದಾರೆ. ತಾವು ಸತ್ತಿದ್ದು ಅವರಿಗೇ ಗೊತ್ತಿಲ್ಲ. ಯಾರು ಅನ್ನುವುದು ಕೊನೆಯ ಕಂತಿನಲ್ಲಿ ಗೊತ್ತಾಗುತ್ತದೆ. ಇಷ್ಟೇ. ಇಷ್ಟಕ್ಕೇ ಮೂರು ತಾಲೂಕು ನಿದ್ದೆಗೆಟ್ಟಿತ್ತು. ನಾನೊಬ್ಬ ಮಾತ್ರ ನೋಡುತ್ತಿರಲಿಲ್ಲ. ಅದು ಬರುವುದು ಸಂಜೆ ಏಳೂವರೆಗೆ. ಆ ಹೊತ್ತಿಗೆ ನಾನು ಯಾರದೋ ಮಾಡಿನ ಮೇಲೆ ಇರುತ್ತೇನೆ, ಅವರು ಅದನ್ನು ನೋಡಲಿ ಅಂತ.

೧. ಪೆಟ್ಟಿಗೆಯೊಳಗಿನ ನಾಳೆ

ಸಿದ್ದಾಪುರ ತಾಲೂಕಿನ ಬಿಳಗಿಯ ಒಂದು ಮನೆಯಿಂದ ಫೋನು. ಚಿತ್ರ ಬರುತ್ತಿಲ್ಲವಂತೆ. ಹೋಗಿ ನೋಡಿದರೆ ಬಾಕ್ಸಿನ ಹಿಂದಿನ ವಯರ್ ಕಿತ್ತುಬಂದಿದೆ. ಸಿಕ್ಕಿಸಿದೆ, ಚಿತ್ರ ಬಂತು. ಮನೆಯ ಹಿರಿಯಮ್ಮ ಕಷಾಯ ಕೊಟ್ಟು ಹತ್ತಿರ ಕೂತರು. ಅವರು ಎಲ್ಲರ ಹತ್ತಿರವೂ ಮನೆಮಾತಿನಲ್ಲೇ ಮಾತಾಡುವವರು; ನಾನು ಅನ್ನುವುದಕ್ಕೆ 'ಆನು', ನನಗೆ ಅನ್ನುವುದಕ್ಕೆ 'ಯಂಗೆ'.

"ತಮಾ, ಸತ್ತಿದ್ದು ಯಾರು?"

"ಅಯ್ಯೋ, ನಂಗೆಂಥ ಗೊತ್ತಮ್ಮಾ?"

"ನೀನು ಪೆಟ್ಟಿಗೆ ಬಿಚ್ಚಿ ಒಳಗೆಲ್ಲ ನೋಡ್ತೆ. ನಾಳೆದು ಅದ್ರೊಳಗೇ ಇರ್ತಲ. ಆನು ಯಾರಿಗೂ ಹೇಳ್ತಿಲ್ಲೆ, ಯಂಗೊಬ್ಬಳಿಗೇ ಹೇಳು."

ನಾಳೆಯದು ಪೆಟ್ಟಿಗೆಯಲ್ಲಿ ಇರುವುದಿಲ್ಲ, ಆಕಾಶದಿಂದ ಬರುತ್ತದೆ ಅಂದೆ. ಆಕಾಶದಿಂದ ಬರುವುದಾದರೆ ಮಾಡು ಹತ್ತಿದವನಿಗೆ ಮೊದಲು ಕಾಣಬೇಕಲ್ಲ ಅಂದರು. ಕಷಾಯ ಮುಗಿಸಿ ಎದ್ದು ಬಂದೆ.

ಮರುದಿನ ಮತ್ತೆ ಫೋನು. ಅದೇ ಮನೆ, ಅದೇ ವಯರ್, ಅದೇ ಕಷಾಯ, ಅದೇ ಪ್ರಶ್ನೆ. ಮೂರನೇ ದಿನ ಮತ್ತೆ ಕರೆದಾಗ ನನಗೆ ತಡೆಯಲಾಗಲಿಲ್ಲ. "ಅಮ್ಮಾ, ಈ ವಯರ್ ತನ್ನಷ್ಟಕ್ಕೆ ಕಿತ್ತು ಬರೂದಿಲ್ಲ. ಇಲಿ ಕಾಟ ಇದ್ಯಾ?"

ಹಿರಿಯಮ್ಮ ಒಂದಿಷ್ಟೂ ಅಳುಕಲಿಲ್ಲ. "ಇಲಿ ಅಲ್ದ, ಆನೇ ಕಿತ್ತಿದ್ದಿ. ನೀನು ಹೇಳದಿದ್ರೆ ನಾಳೆನೂ ಆನೇ ಕೀಳ್ತಿ."

ಶಿರಸಿಯಿಂದ ಬಿಳಗಿಗೆ ದಿನಾ ಹೋಗಿ ಬರುವುದನ್ನು ನೆನೆದು ನನಗೆ ಕಣ್ಣು ಕತ್ತಲೆ ಬಂತು. ಬಾಯಿಗೆ ಬಂದ ಹೆಸರು ಹೇಳಿಬಿಟ್ಟೆ: "ಅಡುಗೆಯವಳು!"

ಹಿರಿಯಮ್ಮನ ಮುಖ ಅರಳಿತು. ಯಾರಿಗೂ ಹೇಳುವುದಿಲ್ಲ ಅಂತ ಮತ್ತೊಮ್ಮೆ ಮಾತು ಕೊಟ್ಟರು. ನಾನು ಬೈಕ್ ಹತ್ತಿ ಗೇಟು ದಾಟುವಾಗ ಹಿಂದೆ ತಿರುಗಿ ನೋಡಿದರೆ, ಮೊಬೈಲ್ ಕಿವಿಗಿಟ್ಟುಕೊಂಡು, "ಯಾರಿಗೂ ಹೇಳಡ್ಯ ಮತ್ತೆ!" ಅಂತ ಯಾರಿಗೋ ಹೇಳುತ್ತಿದ್ದರು.

೨. ಎರಡು ಸೆಕೆಂಡಿನ ಜಗಳ

ಗುಡ್ನಾಪುರದ ಕಡೆ ಮಾತಿನ ಧಾಟಿ ಬೇರೆ, ಹಟ ಮಾತ್ರ ಇದೇ. ಅಲ್ಲೊಬ್ಬರು ಮೆಕ್ಕೆಜೋಳದ ವ್ಯಾಪಾರಿ. ಅವರ ಮನೆಯಲ್ಲಿ ಒಂದು ಡಿಶ್ ಚೆನ್ನಾಗಿಯೇ ಇತ್ತು. ಎರಡನೆಯದು ಹಾಕಿಕೊಡಿ ಅಂತ ಕರೆಸಿದ್ದರು.

"ಯಾಕ್ರಿ, ಇದು ಸರಿ ಬರ್ತಾ ಇದೆಯಲ್ಲ?"

"ಡಿಶ್ ಸರಿ ಐತ್ರಿ. ಜೋಡಿ ಸರಿ ಇಲ್ಲ," ಅಂದರು ಯಜಮಾನರು.

ಸತ್ತವಳು ಅತ್ತೆ ಅಂತ ಯಜಮಾನರ ವಾದ. ಅಲ್ಲ, ಮಾವ ಅಂತ ಹೆಂಡತಿಯ ವಾದ. ಒಬ್ಬರ ಸಂಶಯಕ್ಕೆ ಪುಷ್ಟಿ ಸಿಕ್ಕಿದ ಕೂಡಲೇ ಇನ್ನೊಬ್ಬರನ್ನು ನೋಡಿ ನಗುವುದು. ನಗು ಹೋಗಿ ಜಗಳವಾಗಿ, ಎಂಟು ದಿನದಿಂದ ಇಬ್ಬರಿಗೂ ಮಾತಿರಲಿಲ್ಲ. ಹಾಗಾಗಿ ಯಜಮಾನರು ಹೊಸ ಟೀವಿ ತಂದು ಪಡಸಾಲೆಯಲ್ಲಿಟ್ಟಿದ್ದರು. ಹಳೆಯದು ಒಳಗೆ ಹೆಂಡತಿಗೆ. ನಾನು ಬೇರೆ ಕಂಪನಿಯ ಬಾಕ್ಸ್ ಹಾಕಿ, ಸಿಗ್ನಲ್ ಕೂರಿಸಿ ಬಂದೆ.

ಎರಡೇ ದಿನ. ಫೋನು ಬಂತು. "ಲಗೂನ ಬರ್ರಿ. ಭಾಳ ಮೋಸ ಆಗೇತಿ."

ಹೋದರೆ ಯಜಮಾನರು ಮುಖ ಊದಿಸಿಕೊಂಡು ಕೂತಿದ್ದಾರೆ. "ಆಕಿ ಟೀವಿ ನನ್ನ ಟೀವಿಕ್ಕಿಂತ ಎರಡು ಸೆಕೆಂಡ್ ಮುಂದ ಓಡ್ತೈತ್ರಿ. ಒಳಗ ಆಕಿ 'ಅಯ್ಯೋ ಶಿವನೇ' ಅಂತ ಚೀರ್ತಾಳ, ಇಲ್ಲಿ ನನ್ನ ಟೀವಿಯೊಳಗ ಇನ್ನೂ ಬಾಗಿಲಾನೇ ತೆಗದಿರೂದಿಲ್ಲ. ನಾ ಹೆಂಗ ಅಂಜಬೇಕು?"

ಕಂಪನಿ ಬೇರೆಯಾದರೆ ಅಷ್ಟು ಹಿಂದೆಮುಂದೆ ಆಗುತ್ತದೆ, ಸರಿಮಾಡಲು ಬರುವುದಿಲ್ಲ ಅಂದೆ. ಹಾಗಾದರೆ ಬಾಕ್ಸ್ ಅದಲುಬದಲು ಮಾಡಿ ಅಂದರು. ಹತ್ತು ದಿನದಿಂದ ಗಂಡನ ಹತ್ತಿರ ಮಾತಾಡದ ಹೆಂಡತಿ ಬಾಗಿಲಿಗೆ ಬಂದು ನಿಂತು ನನ್ನ ಮೂಲಕ ಉತ್ತರ ಕೊಟ್ಟರು: "ನನ್ನ ಬಾಕ್ಸ್ ಮುಟ್ಟಬ್ಯಾಡ ಅಂತ ಹೇಳ್ರಿ ಅವರಿಗೆ. ಬೇಕಂದ್ರ ಇಲ್ಲೇ ಬಂದು ಕುಂದರಲಿ. ಆದರ ನಗಬಾರದು."

ಯಜಮಾನರು ತಮ್ಮ ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ನಾನು ಹೊಸ ಡಿಶ್ ಬಿಚ್ಚಿದೆ. ಡಿಶ್ ಬಿಚ್ಚಿ ಸಂಸಾರ ಜೋಡಿಸಿದ್ದು ನನ್ನ ಕಸುಬಿನಲ್ಲಿ ಅದೇ ಮೊದಲು. ಸಂತೋಷದಿಂದ ಹೊರಡುವಾಗ ಯಜಮಾನರು ಗೇಟಿನ ತನಕ ಕಳಿಸಲು ಬಂದು ಮೆಲ್ಲಗೆ ಕೇಳಿದರು:

"ಒಂದು ವೇಳೆ ಆಕಿ ಹೇಳಿದ್ದ ಖರೇ ಆಗೂ ಹಂಗಿದ್ರ, ಆವತ್ತೊಂದ್ ದಿನ ಸಿಗ್ನಲ್ ಹೋಗೂ ಹಂಗ ಮಾಡಾಕ ಬರ್ತೈತೇನ್ರಿ?"

೩. ಕಾಫಿ ಕುಡಿಯದ ಮಾವ

ಯಲ್ಲಾಪುರದಲ್ಲಿ ಒಬ್ಬ ನಿವೃತ್ತ ಗಣಿತ ಮೇಷ್ಟ್ರಿದ್ದಾರೆ. ರಿಮೋಟ್ ಕೆಟ್ಟಿದೆ ಅಂತ ಕರೆದಿದ್ದರು. ಹೋದರೆ ಟೀವಿಯ ಎದುರಿನ ಮೇಜಿನ ಮೇಲೆ ದಪ್ಪ ನೋಟ್‌ಬುಕ್ಕು, ಸ್ಕೇಲು, ಮೂರು ಬಣ್ಣದ ಪೆನ್ನು. ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ಆರು ಕಾಲಂ.

"ಊರವರೆಲ್ಲ ಮುಖ ನೋಡಿ ಊಹೆ ಮಾಡ್ತಾರೆ. ನಾನು ಸಾಕ್ಷಿ ನೋಡ್ತೇನೆ," ಅಂದರು ಮೇಷ್ಟ್ರು. "ಸತ್ತವರು ಊಟ ಮಾಡೋದಿಲ್ಲ. ಹೌದೋ ಅಲ್ಲವೋ?"

"ಹೌದು ಸಾರ್."

"ಹಾಗಾದರೆ ಯಾವ ಕಂತಿನಲ್ಲಿ ಯಾರು ಏನು ನುಂಗಿದರು ಅಂತ ನಾನು ಬರೆದಿಟ್ಟಿದ್ದೇನೆ. ಬಾಯಿಗೆ ಇಟ್ಟಿದ್ದು ಲೆಕ್ಕಕ್ಕಿಲ್ಲ. ಗಂಟಲು ಅಲುಗಬೇಕು. ಸೊಸೆ ಉಪ್ಪಿಟ್ಟು ನುಂಗಿದ್ದಾಳೆ. ಡ್ರೈವರ್ ಬಾಳೆಹಣ್ಣು. ಮಾವ ಮಾತ್ರ ಇಷ್ಟು ವರ್ಷದಲ್ಲಿ ಒಂದು ಗುಟುಕು ಕಾಫಿ ಕುಡಿದಿಲ್ಲ. ಲೋಟ ಎತ್ತುತ್ತಾನೆ, ಅಷ್ಟರಲ್ಲಿ ಯಾರೋ ಬರ್ತಾರೆ, ಇಡುತ್ತಾನೆ."

"ಸಾರ್, ಶೂಟಿಂಗಿನಲ್ಲಿ ಖಾಲಿ ಲೋಟ ಕೊಟ್ಟಿರ್ತಾರೋ ಏನೋ."

ಮೇಷ್ಟ್ರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆ ನೋಟಕ್ಕೆ ಎಷ್ಟು ಮಕ್ಕಳು ಬೆಂಚಿನ ಮೇಲೆ ನಿಂತಿರಬಹುದೋ. "ದಿನಾ ಖಾಲಿ ಲೋಟ ಕೊಟ್ಟರೂ ಬೇಜಾರು ಮಾಡಿಕೊಳ್ಳದವನು ಬದುಕಿದ್ದಾನೆ ಅಂತ ಹೇಗೆ ಹೇಳ್ತೀರಿ?"

ಆಮೇಲೆ ದನಿ ತಗ್ಗಿಸಿ, "ಈಗ ಒಂದು ಗಾಳಿಸುದ್ದಿ ಹಬ್ಬಿದೆ. ಡಿಶ್ ಕಂಪನಿಯ ದೊಡ್ಡ ಇಂಜಿನಿಯರೇ ಹೇಳಿದ್ದಂತೆ, ಅಡುಗೆಯವಳು ಅಂತ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಇದೇ ಮಾತು. ಶುದ್ಧ ಸುಳ್ಳು. ಅವಳು ನಲವತ್ತೆರಡನೇ ಕಂತಿನಲ್ಲಿ ದೋಸೆ ನುಂಗಿದ್ದಾಳೆ," ಅಂದರು.

ಆ ದೊಡ್ಡ ಇಂಜಿನಿಯರ್ ಅವರ ರಿಮೋಟಿಗೆ ಸೆಲ್ ಹಾಕುತ್ತ ತಲೆ ತಗ್ಗಿಸಿಕೊಂಡು ಕೂತಿದ್ದ. ರಿಮೋಟ್ ಕೆಟ್ಟಿರಲಿಲ್ಲ, ಸೆಲ್ ಮುಗಿದಿತ್ತು ಅಷ್ಟೇ. ಒಂದೊಂದು ಗುಟುಕನ್ನೂ ಹಿಂದೆ ಓಡಿಸಿ ಓಡಿಸಿ ನೋಡಿದರೆ ಇನ್ನೇನಾಗುತ್ತದೆ?

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಒಳಗಿನಿಂದ ಬಂದು, ಅವರ ಮುಂದಿದ್ದ ಕಾಫಿ ಲೋಟ ಎತ್ತಿ ನೋಡಿದರು. ಕೆನೆ ಕಟ್ಟಿ ತಣ್ಣಗಾಗಿತ್ತು. ನನ್ನ ಕಡೆ ತಿರುಗಿ ಹೇಳಿದರು:

"ಬೆಳಗ್ಗೆಯಿಂದ ಇದು ಮೂರನೇ ಲೋಟ. ಎತ್ತುತ್ತಾರೆ, ಇಡುತ್ತಾರೆ. ಇವರನ್ನ ಯಾವ ಕಾಲಮ್ಮಿನಲ್ಲಿ ಬರೆಯೋದು, ನೀವೇ ಹೇಳಿ."

೪. ಎರಡು ಸಲ ಸತ್ತವಳು

ಕೊನೆಯ ವಾರದಲ್ಲಿ ಆಗಬಾರದ್ದು ಆಯಿತು. ಧಾರಾವಾಹಿಯಲ್ಲಿ ಅಡುಗೆಯವಳು ಮೆಟ್ಟಿಲು ಜಾರಿ ಬಿದ್ದು ಸತ್ತಳು. ಆಗ ನಾನು ಸಿದ್ದಾಪುರದಲ್ಲಿ ಒಬ್ಬರ ಸ್ಲ್ಯಾಬಿನ ಮೇಲಿದ್ದೆ. ಕೆಳಗೆ ಮನೆಯವರು "ಅಯ್ಯೋ" ಅಂದರು. ಪಕ್ಕದ ಮನೆಯವರೂ ಅಂದರು. ನನ್ನ ಜೇಬಿನ ಫೋನು ಹೊಡೆದುಕೊಳ್ಳತೊಡಗಿತು. ಬಿಳಗಿಯ ಹಿರಿಯಮ್ಮ.

"ತಮಾ, ಅಡುಗೆಯವಳು ಇವತ್ತು ಸತ್ತೋತು."

"ಹೌದಂತೆ ಅಮ್ಮಾ."

"ಮೊದಲೇ ಸತ್ತಿದ್ದು ಹೇಳಿದ್ಯಲ. ಒಂದ್ಸಲ ಸತ್ತಿದ್ದು ಮತ್ತೆ ಹೆಂಗೆ ಸಾಯ್ತು?"

ಹೇಡಿತನ ಸಾಕು ಅಂತ ಗಟ್ಟಿ ಮನಸ್ಸು ಮಾಡಿದೆ. ಆವತ್ತು ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ, ನನಗೇನೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ, ತಪ್ಪಾಯಿತು ಅಂತ ಎಲ್ಲ ಒಪ್ಪಿಕೊಂಡೆ. ಬೈಗುಳಕ್ಕೆ ತಯಾರಾಗಿ ನಿಂತೆ.

"ಬೇಜಾರು ಮಾಡ್ಕಳಡ ತಮಾ," ಅಂದರು ಹಿರಿಯಮ್ಮ, ನನ್ನ ಮೇಲೆ ತುಂಬ ಮರುಕದಿಂದ. "ನೀನು ಸುಳ್ಳು ಹೇಳುವವನಲ್ಲ. ಕಂಪನಿಯವು ನಿಂಗೂ ಸುಳ್ಳು ಹೇಳಿದ್ದ!"

೫. ಆರತಕ್ಷತೆಯ ಕೊನೆಯ ಕಂತು

ಕೊನೆಯ ಕಂತು ಭಾನುವಾರ ಸಂಜೆ. ಅದೇ ಹೊತ್ತಿಗೆ ಶಿರಸಿಯ ಒಂದು ಕಲ್ಯಾಣ ಮಂಟಪದಲ್ಲಿ ಆರತಕ್ಷತೆ ಇತ್ತು. ಹುಡುಗಿ ಶಿರಸಿಯವಳು, ನರ್ಸ್ ಕೆಲಸ. ಹುಡುಗ ಮನ್ಮನೆಯ ಕಡೆಯವನು, ಗದ್ದೆ ಬೇಸಾಯ. ಹುಡುಗಿಯ ಅಪ್ಪ ನನಗೆ ಫೋನು ಮಾಡಿದಾಗ ಅವರ ದನಿಯೇ ಸೋತುಹೋಗಿತ್ತು.

"ಮಾರಾಯಾ, ಮಗಳು ಸೀರೆ ಹೇಳಿದ್ದಕ್ಕೆ ಒಪ್ಪಿದ್ಲು, ಊಟ ಹೇಳಿದ್ದಕ್ಕೆ ಒಪ್ಪಿದ್ಲು. ಒಂದೇ ಹಟ. ಹಾಲ್‌ನಲ್ಲಿ ಟೀವಿ ಬೇಕಂತೆ. ಇಲ್ದಿದ್ರೆ ಏಳೂವರೆಯಿಂದ ಎಂಟರ ತನಕ ಸ್ಟೇಜ್ ಮೇಲೆ ಗಂಡು ಒಬ್ಬನೇ ನಿಲ್ಲಲಿ ಅಂತಾಳೆ."

ನಾನು ಮಂಟಪದ ಟೆರೇಸಿನಲ್ಲಿ ಡಿಶ್ ಕೂರಿಸಿ, ಸ್ಟೇಜಿನ ಪಕ್ಕಕ್ಕೆ ದೊಡ್ಡ ಟೀವಿ ಇಡಿಸಿದೆ. ಮಧ್ಯಾಹ್ನ ಚಿತ್ರ ಕನ್ನಡಿಯ ಹಾಗೆ ಬರುತ್ತಿತ್ತು. ಏಳು ಇಪ್ಪತ್ತಕ್ಕೆ ನೋಡಿದರೆ ಪರದೆ ಕಪ್ಪು! ಓಡಿ ಟೆರೇಸು ಹತ್ತಿದೆ. ಡೆಕೋರೇಷನ್‌ನವರು ವಧೂವರರ ಹೆಸರು ಬರೆದ ಆಳೆತ್ತರದ ಬೋರ್ಡನ್ನು ತಂದು ಸರಿಯಾಗಿ ಡಿಶ್ಶಿನ ಮುಂದೆ ಕಟ್ಟಿದ್ದರು. ಬಿಚ್ಚಲು ಹೋದರೆ ಅವರು ಬಿಡಲಿಲ್ಲ. ಮದುವೆ ಮನೆಯಲ್ಲಿ ಹೆಸರು ತೆಗೆಯುವುದು ಅಪಶಕುನ, ಹುಡುಗಿ ಕಡೆಯವರನ್ನು ಕೇಳಿ ಅಂದರು. ಕೆಳಗೆ ಬಂದು ಅಪ್ಪನನ್ನು ಕೇಳಿದೆ. ಅವರು ಹೆದರಿ ಮಗಳ ಮುಖ ನೋಡಿದರು. ಮಗಳು ಸ್ಟೇಜಿನ ಮೇಲಿಂದ, ಹಾರ ಸರಿಮಾಡಿಕೊಳ್ಳುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ತೆಗೀರಿ. ನಮ್ಮ ಹೆಸರು ಇಲ್ಲಿ ಎಲ್ರಿಗೂ ಗೊತ್ತಿದೆ. ಸತ್ತವರ ಹೆಸರೇ ಗೊತ್ತಿಲ್ಲದೇ ಇರೋದು!"

ಏಳು ಇಪ್ಪತ್ತೆಂಟಕ್ಕೆ ಚಿತ್ರ ಬಂತು. ಉಡುಗೊರೆ ಹಿಡಿದು ಸಾಲಿನಲ್ಲಿ ನಿಂತಿದ್ದವರು ಅಲ್ಲಲ್ಲೇ ತಿರುಗಿ ನಿಂತರು. ಊಟದ ಹಾಲ್‌ನಿಂದ ಕೈ ತೊಳೆಯದವರೂ ಬಂದರು. ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಟ್ಟ. ಹುಡುಗಿ ಸಿಂಹಾಸನದಂಥ ಕುರ್ಚಿಯ ತುದಿಗೆ ಬಂದು ಕೂತಳು. ಹುಡುಗನೂ ಪಕ್ಕದಲ್ಲಿ ಅಷ್ಟೇ ಗಂಭೀರವಾಗಿ ಕೂತ.

ಕೊನೆಯ ಐದು ನಿಮಿಷ. ಮನೆಯವರೆಲ್ಲ ಕನ್ನಡಿಯ ಮುಂದೆ ನಿಂತರು. ಕನ್ನಡಿಯಲ್ಲಿ ಎಲ್ಲರೂ ಕಂಡರು, ಸೊಸೆ ಒಬ್ಬಳು ಕಾಣಲಿಲ್ಲ. ಸತ್ತವಳು ಸೊಸೆ! ಇಷ್ಟು ವರ್ಷ ಕತೆ ನಡೆಸಿಕೊಂಡು ಬಂದ ನಾಯಕಿ, ಒಂದು ಕಂತಿನಲ್ಲೂ ತಪ್ಪದೆ ಬಂದವಳು. ಇಡೀ ಮಂಟಪ ಉಸಿರು ಬಿಗಿಹಿಡಿದಿತ್ತು. ಆ ನಿಶ್ಶಬ್ದದಲ್ಲಿ ಹುಡುಗ ಪಕ್ಕಕ್ಕೆ ವಾಲಿ, ಪಿಸುಮಾತು ಅಂದುಕೊಂಡು ಕೇಳಿದ:

"ಈ ಹೆಂಗಸು ಯಾರು? ಹೊಸದಾಗಿ ಬಂದಿದ್ದಾ?"

ಸ್ಟೇಜಿನ ಮೈಕು ಚಾಲೂ ಇತ್ತು.

ಮುನ್ನೂರು ತಲೆಗಳು ಟೀವಿಯಿಂದ ಹುಡುಗನ ಕಡೆಗೆ ತಿರುಗಿದವು. ಹುಡುಗಿ ನಿಧಾನಕ್ಕೆ ತಿರುಗಿದಳು.

"ನಿಶ್ಚಯ ಆದಾಗಿಂದ ದಿನಾ ಫೋನಲ್ಲಿ ನಾನು ಇದರ ಕತೆ ಹೇಳಿದಾಗೆಲ್ಲ 'ಹೂಂ, ಹೌದೌದು, ನಂಗೂ ಹಾಗೇ ಅನ್ಸಿತ್ತು' ಅಂತಿದ್ರಲ್ಲ, ಅದು ಯಾರು?"

ಹುಡುಗ ಮೈಕನ್ನು ಒಂದು ಸಲ ನೋಡಿದ. ಸುಳ್ಳು ಹೇಳಲು ಎಲ್ಲೂ ಜಾಗ ಉಳಿದಿರಲಿಲ್ಲ. "ನಾನೇ. ನಮ್ಮನೇಲಿ ಟೀವಿನೇ ಇಲ್ಲ. ನಾನು ಹೂಂ ಅಂದಿದ್ದು ಧಾರಾವಾಹಿಗಲ್ಲ, ನಿಂಗೆ."

ಹೆಂಗಸರ ಕಡೆಯಿಂದ "ಪಾಪ" ಅಂತ ಒಂದು ದನಿ ಬಂತು. ಹುಡುಗಿಗೆ ನಗು ಬಂದರೂ ತಡೆದುಕೊಂಡಳು. "ಆಯ್ತು. ನಾಳೆಯಿಂದ ಮೊಬೈಲಲ್ಲಿ ಮೊದಲನೇ ಸೀಸನ್, ಮೊದಲನೇ ಕಂತು. ನನ್ನ ಪಕ್ಕದಲ್ಲಿ ಕೂತು, ಪೂರ್ತಿ."

ಎಲ್ಲ ಮುಗಿದು ನಾನು ವಯರ್ ಸುತ್ತುತ್ತಿದ್ದಾಗ ಹುಡುಗ ಪೇಟ ಕಂಕುಳಲ್ಲಿಟ್ಟುಕೊಂಡು ಮೆಲ್ಲಗೆ ಬಂದ.

"ಅಣ್ಣಾ, ಒಟ್ಟು ಎಷ್ಟು ಕಂತು ಅದು?"

"ನಾನೂರರ ಮೇಲಿದೆಯಂತೆ."

ಅವನು ಬೆರಳು ಮಡಚಿ ಏನೋ ಲೆಕ್ಕ ಹಾಕಿದ. ವರ್ಷ ದಾಟುತ್ತದೆ ಅಂತ ಗೊತ್ತಾಗಿರಬೇಕು, ಮುಖ ಸ್ವಲ್ಪ ಬಾಡಿತು. ನನಗೂ ಅಯ್ಯೋ ಅನ್ನಿಸಿತು. ಅಷ್ಟರಲ್ಲಿ ಅವನು ಪೇಟವನ್ನು ತಲೆಗಿಟ್ಟು, ಎದೆ ಉಬ್ಬಿಸಿ ಹೇಳಿದ:

"ಅಡ್ಡಿಲ್ಲ ಅಣ್ಣಾ. ಕೊನೆ ಗೊತ್ತಾಯ್ತಲ್ಲ. ಇನ್ನು ನಿದ್ದೆಗಣ್ಣಲ್ಲೂ ಸರಿಯಾದ ಜಾಗದಲ್ಲೇ ಹೂಂ ಅನ್ನಬಹುದು!"