ತುತ್ತೋ ಬೇನೆ

ಎಲ್ಲದಕ್ಕೂ ಕಾರಣ ಅಂಗೈಯಗಲದ ಒಂದು ಚೀಟಿ. ಮಗಳು ಫೋನಿನಲ್ಲಿ ಹೇಳಿದ ನಾಲ್ಕು ಇಟಾಲಿಯನ್ ಮಾತುಗಳನ್ನು ಗಡಿಯಾರ ರಿಪೇರಿಯವರು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದರು. ‘ಚಾವ್’ ಅಂದರೆ ಬಂದಾಗಲೂ ಹೋಗುವಾಗಲೂ ನಮಸ್ಕಾರ. ‘ಕೋಮೆ ಸ್ತಾಯ್’ ಅಂದರೆ ಹೇಗಿದ್ದೀಯ. ‘ತುತ್ತೋ ಬೇನೆ’ ಅಂದರೆ ಎಲ್ಲಾ ಚೆನ್ನಾಗಿದೆ. ‘ಗ್ರಾತ್ಸಿಯೆ’ ಅಂದರೆ ಉಪಕಾರವಾಯಿತು.

“ಮರ್ಯಾದೆಯ ಮಾತೆಲ್ಲ ಆಫೀಸಿನವರಿಗೆ ಅಪ್ಪಾ. ಮನೆಯವರ ಹತ್ರ ಇಷ್ಟು ಸಾಕು,” ಎಂದಿದ್ದಳು ಮಗಳು.

ಮನೆಯವರು ಅಂದರೆ ಅವಳ ಅತ್ತೆ, ಇಟಲಿಯವರು. ಪ್ರವಾಸದ ತಂಡದೊಂದಿಗೆ ಬಂದಿದ್ದ ಅವರು ಆ ದಿನ ಸಂಜೆ ನಾಲ್ಕಕ್ಕೆ ಅಂಗಡಿಗೆ ಬಂದು ಒಂದೇ ಒಂದು ಗಂಟೆ ಇದ್ದು ಹೋಗುವವರಿದ್ದರು. ಹೋದ ವರ್ಷ ಮಗಳು ಆಪರೇಶನ್ ಆಗಿ ಮಲಗಿದ್ದಾಗ ಈ ಬೀಗಿತ್ತಿ ಇಪ್ಪತ್ತಮೂರು ದಿನ ಆಸ್ಪತ್ರೆಯ ಕುರ್ಚಿಯಲ್ಲೇ ನಿದ್ದೆ ಮಾಡಿ, ಚಮಚದಲ್ಲಿ ಸೂಪು ಕುಡಿಸಿ ಅವಳನ್ನು ಉಳಿಸಿಕೊಂಡಿದ್ದರು. ಹೆತ್ತಪ್ಪ ಇಲ್ಲಿ ಫೋನಿನ ಮುಂದೆ ಕೂತಿದ್ದರು, ಅಷ್ಟೆ. ಆ ತಾಯಿಗೆ ಅವರ ಭಾಷೆಯಲ್ಲೇ ಒಂದು ಸಲ ‘ಗ್ರಾತ್ಸಿಯೆ’ ಅನ್ನದಿದ್ದರೆ ತಾನು ಮನುಷ್ಯನೇ ಅಲ್ಲ ಎಂದು ಅವರು ತೀರ್ಮಾನಿಸಿದ್ದರು.

ಹೆಂಡತಿಗೆ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಅವಳು ನಕ್ಕರೆ ಕಲಿತದ್ದೂ ಮರೆತುಹೋಗುತ್ತದೆ ಎಂಬ ಭಯ. ಬೆಳಿಗ್ಗೆ ಏಳಕ್ಕೇ ಅಂಗಡಿಗೆ ಬಂದು, ಅರ್ಧ ಎಳೆದ ಡ್ರಾಯರಿನಲ್ಲಿ ಚೀಟಿಯನ್ನು ಕಾಣುವಂತೆ ಇಟ್ಟು, ಗೋಡೆಯ ಗಡಿಯಾರಗಳಿಗೆಲ್ಲ ಅಭ್ಯಾಸದ ಪಾಠ ಒಪ್ಪಿಸತೊಡಗಿದರು. ಮೂರು ಮಾತು ಸಲೀಸಾಗಿ ಬಂದವು. ‘ತುತ್ತೋ ಬೇನೆ’ ಮಾತ್ರ ಹಟ ಹಿಡಿಯಿತು. ಅದಕ್ಕೇ ಗಂಟಲು ಹರಿಯುವಂತೆ ಕೂಗಿದರು.

ಪಕ್ಕದ ಅಂಗಡಿಯ ಟೈಲರ್ ಹೊಲಿಗೆ ನಿಲ್ಲಿಸಿ ಓಡಿಬಂದ. “ಏನಾಯ್ತು ಯಜಮಾನ್ರೇ? ತುತ್ತು ನುಂಗಿದ್ರೆ ಬೇನೆನಾ?”

“ಇಲ್ಲಪ್ಪಾ. ತುತ್ತೋ ಅಂದ್ರೆ ಎಲ್ಲಾ.”

“ಅಯ್ಯಯ್ಯೋ, ಎಲ್ಲಾ ಬೇನೆನಾ!”

“ಬೇನೆ ಅಂದ್ರೆ ಚೆನ್ನಾಗಿದೆ ಅಂತ ಕಣಯ್ಯಾ!”

ಟೈಲರ್ ಎರಡು ಹೆಜ್ಜೆ ಹಿಂದೆ ಸರಿದು, ಎದುರಿನ ಔಷಧಿ ಅಂಗಡಿಯಮ್ಮನಿಗೆ ಕೈ ಬೀಸಿದ. “ಅಕ್ಕಾ, ಬೇಗ ಬನ್ನಿ. ಬೇನೆ ತಲೆಗೇರಿಬಿಟ್ಟಿದೆ.”

ಅವರು ಬಂದವರೇ ಹಣೆ ಮುಟ್ಟಿದರು. “ಬಿಸಿ ಇಲ್ಲ. ಅಣ್ಣಾ, ಎಷ್ಟು ದಿನದಿಂದ?”

“ನಿನ್ನೆ ರಾತ್ರಿಯಿಂದ ಕಲೀತಿದೀನಮ್ಮಾ.”

“ಬೇನೆ ಕಲೀತಿದಾರಂತೆ!” ಎಂದು ಟೈಲರ್ ಬಾಯಿಯ ಮೇಲೆ ಕೈಯಿಟ್ಟುಕೊಂಡ. ಅಷ್ಟರಲ್ಲಿ ಯಾರೋ ಹೇಳಿದ್ದರಿಂದ ಹೆಂಡತಿಯೂ ಎದ್ದುಬಿದ್ದು ಬಂದಳು. “ರೀ, ನನಗೊಂದು ಮಾತು ಹೇಳಬಾರದಿತ್ತಾ?” ಎಂದು ಅವಳು ಕಣ್ಣೊರೆಸಿಕೊಂಡಳು. ರಿಪೇರಿಯವರು ಚೀಟಿ ತೋರಿಸಹೋದರೆ ಔಷಧಿ ಅಂಗಡಿಯಮ್ಮ ಆಗಲೇ ಡ್ರಾಯರ್ ದಬ್ಬಿ, ಬೀಗ ಹಾಕಿ, ಆಟೋ ಕರೆದಾಗಿತ್ತು.

ಡಾಕ್ಟರು ಬಾಯಿಗೆ ಟಾರ್ಚು ಬಿಟ್ಟರು. ಬೆಳಿಗ್ಗೆಯಿಂದ ಕೂಗಿದ ಗಂಟಲು ಟೊಮೆಟೊ ಹಣ್ಣಿನಂತಾಗಿತ್ತು.

“ಒಳ್ಳೇ ಟೈಮಿಗೆ ಕರ್ಕೊಂಡು ಬಂದ್ರಿ,” ಎಂದು ಅವರು ಟೈಲರನ್ನು ಹೊಗಳಿ, ಗಂಟಲಿಗೆ ಏನೋ ಸಿಂಪಡಿಸಿದರು. ನಾಲಗೆ ಮರದ ತುಂಡಾಯಿತು. “ನಾಳೆ ಬೆಳಗಿನವರೆಗೆ ಒಂದು ಮಾತೂ ಆಡಕೂಡದು.”

ಆಡಬೇಕೆಂದರೂ ಉಸಿರಷ್ಟೇ ಹೊರಬರುತ್ತಿತ್ತು. ಆಟೋದಲ್ಲಿ ಹಿಂದಿರುಗುವಾಗ ರಿಪೇರಿಯವರಿಗೆ ಟೈಲರನ ಕತ್ತು ಹಿಸುಕುವಷ್ಟು ಸಿಟ್ಟಿತ್ತು. ಆದರೆ ಅವನು ಮದುವೆಯ ಬಟ್ಟೆಯ ಅರ್ಜೆಂಟ್ ಕೆಲಸ ಬಿಟ್ಟು ಬಂದಿದ್ದಾನೆ, ದಾರಿಯುದ್ದಕ್ಕೂ ತನ್ನ ಬೆನ್ನು ಸವರುತ್ತಿದ್ದಾನೆ ಎನ್ನುವುದು ನೆನಪಾಗಿ ಸಿಟ್ಟು ಇಳಿದುಹೋಯಿತು. ಇಂಥವರ ನಡುವೆ ಬದುಕುವುದೂ ಒಂದು ಪುಣ್ಯವೇ. ಬಾಯಿ ಇದ್ದಿದ್ದರೆ ಅವನಿಗೂ ಒಂದು ಗ್ರಾತ್ಸಿಯೆ ಹೇಳುತ್ತಿದ್ದರು.

ನಾಲ್ಕು ಗಂಟೆಗೆ ಸರಿಯಾಗಿ ಬೀಗಿತ್ತಿ ಕಾರಿನಿಂದ ಇಳಿದರು. ಬಿಳಿ ಕೂದಲು, ಬಾಯ್ತುಂಬ ನಗು. “ಚಾವ್! ಕೋಮೆ ಸ್ತಾಯ್?”

ರಿಪೇರಿಯವರು ಬಾಯಿ ತೆರೆದರು. ‘ಹಫ್’ ಎಂದು ಗಾಳಿ ಬಂತು.

ಹೆಂಡತಿ ಸಂಕಟದಿಂದ ಗಂಟಲು ತೋರಿಸಿ, “ಬೇನೆ,” ಎಂದಳು.

“ಬೇನೆ?” ಬೀಗಿತ್ತಿಯ ಮುಖ ಅರಳಿತು.

“ತುತ್ತಿಗೂ ಬೇನೆ!” ಎಂದು ಟೈಲರ್ ಧ್ವನಿ ಸೇರಿಸಿದ. “ಬಹಳ ಬೇನೆ!” ಎಂದರು ಔಷಧಿ ಅಂಗಡಿಯಮ್ಮ.

“ಬೇನೆ! ಬೇನೆ!” ಎನ್ನುತ್ತಾ ಬೀಗಿತ್ತಿ ಟೈಲರನ ಎರಡೂ ಕೆನ್ನೆಗೆ ಮುತ್ತಿಟ್ಟರು. ಅವನು ಇಂಚುಪಟ್ಟಿಯಂತೆ ಸುರುಳಿಯಾಗಿಬಿಟ್ಟ.

ರಿಪೇರಿಯವರು ಅವರ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು. ಇಪ್ಪತ್ತಮೂರು ದಿನ ಮಗಳಿಗೆ ಉಣಿಸಿದ ಕೈಗಳು. ಅಳು ತಡೆಯಲಾಗಲಿಲ್ಲ. ಬೀಗಿತ್ತಿ ಅವರ ಬೆನ್ನು ತಟ್ಟಿ ಏನೇನೋ ಸಮಾಧಾನ ಹೇಳಿದರು. ಹೇಳಬೇಕಾದ್ದು ಮಾತಿಲ್ಲದೆಯೇ ಮುಟ್ಟಿತು ಎಂದು ರಿಪೇರಿಯವರ ಎದೆ ಹಗುರಾಯಿತು.

ಕಾರು ಹೋದ ಅರ್ಧ ಗಂಟೆಗೆ ಮಗಳ ಫೋನು.

“ಅಪ್ಪಾ, ಅತ್ತೆಗೆ ಖುಷಿಯೋ ಖುಷಿ! ಬೀದಿಗೆ ಬೀದೀನೇ ಇಟಾಲಿಯನ್ ಮಾತಾಡ್ತಂತೆ. ಆ ಟೈಲರ್ ಅಂತೂ ಅಲ್ಲೇ ಹುಟ್ಟಿದವರ ಥರ ಅಂತೆ. ನಿನಗೊಬ್ಬನಿಗೇ ಒಂದಕ್ಷರ ಬರಲಿಲ್ಲ ಅಂತ ಅವಮಾನವಾಗಿ ಅತ್ತುಬಿಟ್ಟೆಯಂತೆ, ಪಾಪ! ಅಷ್ಟು ಹೇಳಿಕೊಟ್ಟಿದ್ನಲ್ಲಪ್ಪಾ, ಒಂದು ಗ್ರಾತ್ಸಿಯೆನಾದ್ರೂ ಹೇಳಬಾರದಿತ್ತಾ?”

ರಿಪೇರಿಯವರು ಫೋನಿನೊಳಗೆ ಜೋರಾಗಿ ಗಾಳಿ ಊದಿದರು.

“ಹಲೋ? ಅಪ್ಪಾ? ಕೋಪ ಬಂತಾ?”

ಹೆಂಡತಿ ಫೋನು ಕಸಿದುಕೊಂಡಳು. “ಪೀಡಿಸಬೇಡ ಕಣೇ. ನಿಮ್ಮಪ್ಪಂಗೆ ಬೇನೆ.”



“ಅಮ್ಮಾ!” ಎಂದು ಮಗಳು ಸಂತೋಷದಿಂದ ಕಿರುಚಿದಳು. “ನೀನೂ ಕಲಿತುಬಿಟ್ಟೆಯಾ!”